ಬಿಸಿನೆಸ್ ಎಥಿಕ್ಸ್ ಜರ್ನಲ್ ಸಂಪಾದಕಿಯಾಗಿ ನನ್ನ ಅನುಭವ

ಆರು ವರ್ಷ ಬೆಂಗಳೂರಿನ ಒಂದು ಸಣ್ಣ ಬಿಸಿನೆಸ್ ಎಥಿಕ್ಸ್ (ವ್ಯಾಪಾರದಲ್ಲಿ ಸರಿ-ತಪ್ಪು) ಜರ್ನಲ್ ನೋಡ್ಕೊಂಡೆ. ಹಗಲು ಕಾಲೇಜಲ್ಲಿ ಪಾಠ, ರಾತ್ರಿ ಊಟ ಆದ್ಮೇಲೆ ಜಯನಗರದ ಮನೇಲಿ ಲ್ಯಾಪ್‌ಟಾಪ್ ಮುಂದೆ ಈ ಕೆಲ್ಸ. ಪೇಪರ್ ಬಂದ್ರೆ ಓದಿ ಅಭಿಪ್ರಾಯ ಹೇಳೋಕೆ ವಿಷಯ ಗೊತ್ತಿರೋ ಇಬ್ರಿಗೆ, ಅಂದ್ರೆ ರಿವ್ಯೂವರ್‌ಗೆ, ಕಳ್ಸೋದು, ಅವ್ರು ಹೇಳಿದ್ದನ್ನ ಲೇಖಕರಿಗೆ ದಾಟಿಸೋದು, ಇಷ್ಟೇ ಅಂತ ಶುರುನಲ್ಲಿ ನಾನೂ ಅಂದ್ಕೊಂಡಿದ್ದೆ.

ಮೊದಲನೇ ವರ್ಷ ಬಂದಿದ್ದರಲ್ಲಿ ಅರ್ಧಕ್ಕರ್ಧ ಸಿಎಸ್‌ಆರ್, ಅಂದ್ರೆ ಕಂಪನಿಗಳು ಸಮಾಜದ ಕೆಲ್ಸಕ್ಕೆ ಮಾಡೋ ಖರ್ಚಿನ ಪೇಪರ್‌ಗಳೇ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟು ಸಿಎಸ್‌ಆರ್‌ಗೆ ಖರ್ಚು ಮಾಡ್ಬೇಕು ಅಂತ ಬಂತಲ್ಲ, ಅಲ್ಲಿಂದ ಲೆಕ್ಕ ಸಿಗೋದು ಸುಲಭ ಆಯ್ತು, ಖರ್ಚು ಒಂದ್ಕಡೆ ಲಾಭ ಒಂದ್ಕಡೆ ಇಟ್ಟು ಎರಡಕ್ಕೂ ಇರೋ ನಂಟು ಅಳೆಯೋ ರಿಗ್ರೆಶನ್ ಲೆಕ್ಕ ಓಡ್ಸಿ ಕಳ್ಸಿಬಿಡೋರು. ಲೆಕ್ಕ ಸರಿಯಾಗೇ ಇರ್ತಿತ್ತು, ಆದ್ರೆ ಯಾರಿಗೆ ಅನ್ಯಾಯ ಆಯ್ತು, ಯಾರು ಯಾರಿಗೆ ಉತ್ತರ ಕೊಡ್ಬೇಕು ಅನ್ನೋ ಮಾತೇ ಇರ್ತಿರ್ಲಿಲ್ಲ. 1982ರಲ್ಲಿ ಶುರುವಾದ ಜರ್ನಲ್ ಆಫ್ ಬಿಸಿನೆಸ್ ಎಥಿಕ್ಸ್‌ನಂಥ ದೊಡ್ಡ ಜರ್ನಲ್‌ನಲ್ಲೇ ಮಿಶೆಲ್ ಗ್ರೀನ್‌ವುಡ್ ಮತ್ತೆ ಎಡ್ವರ್ಡ್ ಫ್ರೀಮನ್ ಸಂಪಾದಕರಾದಾಗ ಎಥಿಕ್ಸ್ ಪ್ರಶ್ನೆ ಪೇಪರ್‌ನ ನಡುವಲ್ಲೇ ಇರ್ಬೇಕು ಅಂತ ಸಂಪಾದಕೀಯದಲ್ಲಿ ಬರೆದಿದ್ರು, ಅದನ್ನ ಓದಿ ನಂಗೆ ಧೈರ್ಯ ಬಂತು. ನಮ್ಮ ಲೇಖಕರಿಗೂ ಒಂದು ಸಾಲು ಹಾಕ್ದೆ: ನಿಮ್ಮ ಪೇಪರ್‌ನಲ್ಲಿರೋ ನೈತಿಕ ಪ್ರಶ್ನೆ ಏನು, ಎರಡು ವಾಕ್ಯದಲ್ಲಿ ಬರೀರಿ. ಬರೋ ಪೇಪರ್ ಕಮ್ಮಿ ಆದ್ವು, ಬಂದಿದ್ದನ್ನ ಪೂರ್ತಿ ಕೂತು ಓದೋಕೆ ಟೈಮ್ ಸಿಕ್ತು.

ಒಂದು ಪೇಪರ್ ವಿಷ್ಯ ಹೇಳ್ಲೇಬೇಕು. ಪೀಣ್ಯ ಕಡೆಯ ಗಾರ್ಮೆಂಟ್ಸ್ ಹೆಣ್ಮಕ್ಕಳು ಕಿರುಕುಳ ಆದಾಗ ಆಂತರಿಕ ದೂರು ಸಮಿತಿಗೆ ಯಾಕೆ ಹೋಗಲ್ಲ ಅಂತ, ಬರೆದಿದ್ದು ಒಬ್ಬ ಯುವ ಲೆಕ್ಚರರ್. ಹನ್ನೊಂದು ಜನಕ್ಕೆ ಮೇಲ್ ಹಾಕಿದ್ಮೇಲೆ ಇಬ್ರು ರಿವ್ಯೂವರ್ ಒಪ್ಕೊಂಡ್ರು. ಒಬ್ರು ಹಾಕ್ಬಹುದು ಅಂದ್ರು, ಇನ್ನೊಬ್ರು ಮಾತಾಡ್ಸಿರೋ 23 ಜನ ಸಾಲಲ್ಲ, ರಿಜೆಕ್ಟ್ ಮಾಡಿ ಅಂದ್ರು. ಮೂರನೇ ರಿವ್ಯೂವರ್‌ಗೆ ಕಳ್ಸಿ ಓಟು ಎಣಿಸಿದಂಗೆ ಎಣಿಸ್ಬಹುದಿತ್ತು, ಬೇಡ ಅನ್ನಿಸ್ತು, ನಾನೇ ಮೂರು ಸಲ ಓದ್ದೆ. ಮೂರನೇ ಸಲಕ್ಕೆ ಮೆಥಡ್ಸ್ ಭಾಗದ ಒಂದು ವಾಕ್ಯ ಕಣ್ಣಿಗೆ ಬಿತ್ತು: ಸಂದರ್ಶನಗಳನ್ನ ಊಟದ ಬಿಡುವಿನಲ್ಲಿ, ಫ್ಯಾಕ್ಟರಿ ಆಫೀಸ್ ಪಕ್ಕದ ರೂಮಲ್ಲಿ ಮಾಡಿದ್ರು. ಗಾಜಿನ ಆಚೆ ಸೂಪರ್‌ವೈಸರ್ ಓಡಾಡ್ತಿರುವಾಗ ಯಾವ ಹುಡುಗಿ ತಾನೇ ಮನ್ಸಲ್ಲಿರೋದು ಹೇಳ್ತಾಳೆ? ಒಪ್ಪಿಗೆ ಪತ್ರಕ್ಕೆ ಸಹಿ ಇತ್ತು ನಿಜ, ಬೇಡ ಅನ್ನೋ ಅವಕಾಶ ಅವಳಿಗೆ ಇತ್ತಾ ಅನ್ನೋದೇ ಪ್ರಶ್ನೆ, ಇಬ್ರು ರಿವ್ಯೂವರೂ ಅದನ್ನ ಕೇಳಿರ್ಲಿಲ್ಲ.

ಎರಡೂವರೆ ಪುಟದ ಪತ್ರ ಬರೆದೆ, ಎರಡು ಭಾನುವಾರ ಹಿಡೀತು. ಸಂಖ್ಯೆ ಹೆಚ್ಚು ಮಾಡೋದು ಬೇಕಿಲ್ಲ, ಜಾಗ ಬದಲಾಯಿಸಿ ಮತ್ತೆ ಮಾತಾಡ್ಸಿ, ಆಮೇಲೆ ಮೊದಲ ಉತ್ತರ ಎರಡನೇ ಉತ್ತರ ಅಕ್ಕಪಕ್ಕ ಇಡಿ, ರಿವ್ಯೂವರ್‌ಗಳು ಹೇಳಿದ್ದರಲ್ಲಿ ಯಾವ್ಯಾವ ಮಾತು ಬಿಡ್ಬಹುದು ಅಂತಾನೂ ಬರೆದೆ. ಇದು ಸಂಪಾದಕರು ಮಾಡ್ಲೇಬೇಕಾದ ಕೆಲ್ಸ, ಎರಡು ರಿವ್ಯೂ ಎರಡು ದಿಕ್ಕಿಗೆ ಎಳೆಯುವಾಗ ಲೇಖಕರನ್ನ ನಡುವೆ ಬಿಟ್ಟು ಸುಮ್ನಿರೋದು ತಪ್ಪು ಅಂತಾನೇ ನನ್ನ ನಂಬಿಕೆ.

ಒತ್ತಡಗಳೂ ಇದ್ವು. ಒಂದು ಕಾಲೇಜಿಂದ, ಹೆಸ್ರು ಬೇಡ, ಒಪ್ಪಿಗೆ ಆದ ಪೇಪರ್‌ಗೆ ಕೊನೇ ವಾರದಲ್ಲಿ ಇನ್ನೊಬ್ರ ಹೆಸ್ರು ಸೇರ್ಸಿ, ಪ್ರಮೋಷನ್‌ಗೆ ಬೇಕು ಅಂತ ಫೋನ್ ಬಂತು. 1997ರಲ್ಲಿ ಬ್ರಿಟನ್‌ನಲ್ಲಿ ಶುರುವಾದ, ಪ್ರಕಟಣೆಯ ನೀತಿ ಬಗ್ಗೆ ಸಂಪಾದಕರಿಗೆ ಸಲಹೆ ಕೊಡೋ ಕೋಪ್ (COPE) ಅನ್ನೋ ಸಂಸ್ಥೆ ಇಂಥದ್ದಕ್ಕೆಲ್ಲ ಹಂತಹಂತವಾಗಿ ಏನ್ ಮಾಡ್ಬೇಕು ಅಂತ ಚಾರ್ಟ್ ಹಾಕಿಟ್ಟಿದೆ, ಅದ್ರಂತೆ ಪ್ರಕಟಣೆ ನಿಲ್ಲಿಸಿ, ಹೊಸಬ್ರು ಏನ್ ಕೆಲ್ಸ ಮಾಡಿದ್ರು ಅಂತ ಎಲ್ಲಾ ಲೇಖಕರಿಂದ ಬರವಣಿಗೇಲಿ ಕೇಳ್ದೆ. ಉತ್ತರ ಬರ್ಲಿಲ್ಲ, ಹೆಸ್ರೂ ಸೇರ್ಲಿಲ್ಲ, ಆ ಕಾಲೇಜಿನ ಕೆಲವ್ರು ಇವತ್ತಿಗೂ ನನ್ನ ಹತ್ರ ಮಾತಾಡಲ್ಲ. 2025ರ ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯಗಳನ್ನ ನೋಡ್ಕೊಳ್ಳೋ ಯುಜಿಸಿ ತನ್ನ ಕೇರ್ ಪಟ್ಟಿ ಕೈಬಿಟ್ಟಿದೆ. ಯಾವ ಜರ್ನಲ್ ನಂಬ್ಬೇಕು ಅಂತ ಹೇಳೋ ಆ ಪಟ್ಟಿ ಇಲ್ದೇ ಇರೋವಾಗ ಇಂಥ ಫೋನ್‌ಗೆ ಆಗಲ್ಲ ಅನ್ನೋ ಸಂಪಾದಕರು ಇನ್ನೂ ಜಾಸ್ತಿ ಬೇಕು.

ಗಾರ್ಮೆಂಟ್ಸ್ ಪೇಪರ್ ವಾಪಸ್ ಬರೋಕೆ ಎಂಟು ತಿಂಗಳಾಯ್ತು. ಆ ಹುಡುಗ ಭಾನುವಾರಗಳಲ್ಲಿ, ಜೊತೆಗೊಬ್ರು ಮಹಿಳಾ ಸಹೋದ್ಯೋಗಿನ ಕರ್ಕೊಂಡು, ಅವ್ರವ್ರ ಮನೇಗೇ ಹೋಗಿ ಮಾತಾಡ್ಸಿದ್ದ. 23ರಲ್ಲಿ 19 ಜನ ಮತ್ತೆ ಸಿಕ್ಕಿದ್ರು. ಮೊದಲ ಸಲ 'ಸಮಿತಿ ಚೆನ್ನಾಗಿದೆ ಸಾರ್' ಅಂದಿದ್ದ ಒಬ್ಳು ಎರಡನೇ ಸಲ, ಸಮಿತೀಲಿ ಕೂತಿರೋರು ಯಾರು ಅಂತಾನೇ ಗೊತ್ತಿಲ್ಲ ಅಂದಿದ್ಲು. ಆ ಎರಡೂ ಉತ್ತರ ಪೇಪರ್‌ನಲ್ಲಿ ಅಕ್ಕಪಕ್ಕ ಅಚ್ಚಾಗಿವೆ.