ಗಾಳಿಗೆ ಹಾರದ ಚಾವಣಿ: ವೇದಾರಣ್ಯಂನಲ್ಲಿ ನನ್ನ ಅನುಭವ

2018ರ ನವೆಂಬರ್ 16ರ ನಸುಕಿನಲ್ಲಿ ಗಜ ಚಂಡಮಾರುತ ತಮಿಳುನಾಡಿನ ನಾಗಪಟ್ಟಿಣಂ ಮತ್ತು ವೇದಾರಣ್ಯಂ ನಡುವೆ ದಡಕ್ಕೆ ಅಪ್ಪಳಿಸಿತು. ಅಕ್ಕಿ, ಹೊದಿಕೆ, ಬಿಸ್ಕತ್ತು ಕೂಡಲೇ ಬೇಕಿತ್ತು, ಬೆಂಗಳೂರಿನಿಂದಲೂ ಜನ ಕಳಿಸಿದರು. ನಾವು ಕೆಲವು ಗೆಳೆಯರು ಮಾತ್ರ ಜನವರಿಗೆ ಕಾದೆವು. ಆ ಕಡೆ ಹಿಂಗಾರು ಡಿಸೆಂಬರ್‌ವರೆಗೂ ಸುರಿಯುತ್ತದೆ. ಒದ್ದೆ ನೆಲದಲ್ಲಿ ಗುಂಡಿ ತೋಡಿದರೆ ನೀರೇ ತುಂಬಿಕೊಳ್ಳುತ್ತದೆ. ಪೊಂಗಲ್ ಹೊತ್ತಿಗೆ ನೆಲ ಆರುತ್ತದೆ. ಅಷ್ಟರಲ್ಲಿ ಪರಿಹಾರದ ಲಾರಿಗಳು ಕಡಿಮೆಯಾಗಿರುತ್ತವೆ, ಜನ ಇನ್ನೂ ಟಾರ್ಪಾಲಿನ ಕೆಳಗೇ ಇರುತ್ತಾರೆ. ಮನೆ ಕಟ್ಟಲು ಕೈ ಬೇಕಾಗುವುದು ಆಗ.

ನಾನು ಓದಿದ್ದು ಸಿವಿಲ್. ಬೆಂಗಳೂರಿನಲ್ಲಿ ಮನೆ ಕಟ್ಟಿಸುವ ಕೆಲಸ ನೋಡಿಕೊಳ್ಳುತ್ತೇನೆ. ಇಲ್ಲಿ ನಾವು ಗಾಳಿಯ ಬಗ್ಗೆ ಜಾಸ್ತಿ ಯೋಚಿಸುವುದಿಲ್ಲ. ಕಟ್ಟಡದ ಲೆಕ್ಕಕ್ಕೆ ಹಿಡಿಯುವ ಮೂಲ ಗಾಳಿವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಚೆನ್ನೈಗೆ 50 ಮೀಟರ್. ವೇಗ ಒಂದೂವರೆ ಪಟ್ಟು ಅಂತ ಕಂಡರೂ ಒತ್ತಡ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ, ಯಾಕೆಂದರೆ ಅದು ವೇಗದ ವರ್ಗದಂತೆ ಏರುತ್ತದೆ. ಹಾಗಾಗಿ ಹೊರಡುವ ಮೊದಲು ಐಎಸ್ 15498 ಓದಿಕೊಂಡೆ. ಚಂಡಮಾರುತ ಬರುವ ಕಡೆ ಸಣ್ಣ ಮನೆಗಳನ್ನು ಗಟ್ಟಿ ಮಾಡುವುದು ಹೇಗೆ ಅಂತ ಭಾರತೀಯ ಮಾನಕ ಬ್ಯೂರೋ 2004ರಲ್ಲಿ ತಂದ ಮಾರ್ಗಸೂಚಿ ಅದು.

ತಂಡದಲ್ಲಿ ಒಬ್ಬ ವೆಲ್ಡರ್, ಒಬ್ಬ ಎಲೆಕ್ಟ್ರಿಷಿಯನ್, ಕಾಮಾಕ್ಷಿಪಾಳ್ಯದ ಒಬ್ಬ ಹಿರಿಯ ಮೇಸ್ತ್ರಿ, ಮಿಕ್ಕವರು ಆಫೀಸಿನಲ್ಲಿ ಕೆಲಸ ಮಾಡುವವರು. ತಮಿಳು ಬರುವವರು ಇದ್ದರು, ಬೆಂಗಳೂರಲ್ಲಿ ಅದಕ್ಕೇನು ಬರವಿಲ್ಲ. ಎಸ್‌ಜೆಪಿ ರಸ್ತೆಯಲ್ಲಿ ಜೆ ಬೋಲ್ಟು (ಕೊಕ್ಕೆಯ ಹಾಗೆ ಬಾಗಿದ ಬೋಲ್ಟು), ಅಗಲ ವಾಷರು, ಜಿಐ ತಂತಿ, ಸ್ಪ್ಯಾನರುಗಳನ್ನು ಕೊಂಡೆವು. ಶೀಟು, ಸಿಮೆಂಟು, ಜಲ್ಲಿಯನ್ನು ಇಲ್ಲಿಂದ ಒಯ್ಯಲಿಲ್ಲ. ಅಲ್ಲಿನ ಅಂಗಡಿಯವರ ವ್ಯಾಪಾರವೂ ಮುಳುಗಿತ್ತಲ್ವಾ, ಅವರಲ್ಲೇ ತೆಗೆದುಕೊಂಡೆವು. ಎಲ್ಲರೂ ಟಿಟಿ ಇಂಜೆಕ್ಷನ್ ಹಾಕಿಸಿಕೊಂಡೆವು. ಸಂಜೆ ಮೈಲಾಡುದುರೈ ಎಕ್ಸ್‌ಪ್ರೆಸ್ ಹತ್ತಿ ತಂಜಾವೂರಿನಲ್ಲಿ ಇಳಿದು, ಅಲ್ಲಿಂದ ತಿರುತ್ತುರೈಪೂಂಡಿ ಮೇಲೆ ಬಸ್ಸು.

ದಾರಿಯುದ್ದಕ್ಕೂ ತೆಂಗಿನ ಮರಗಳು ಒಂದೇ ದಿಕ್ಕಿಗೆ ಮಲಗಿದ್ದವು. ತೆಂಗಿನ ಸಸಿ ನೆಟ್ಟರೆ ಫಲಕ್ಕೆ ಐದಾರು ವರ್ಷವಾದರೂ ಬೇಕು. ಆ ಜನ ಸೂರನ್ನೂ ಕಳೆದುಕೊಂಡಿದ್ದರು, ಸಂಪಾದನೆಯನ್ನೂ ಕಳೆದುಕೊಂಡಿದ್ದರು. ಇದನ್ನು ನೋಡಿದ ಮೇಲೆ ಒಂದು ನಿಯಮ ಮಾಡಿಕೊಂಡೆವು: ಊರಿನ ಗಾರೆಯವರು, ಬಡಗಿಗಳು ಮಾಡಬಲ್ಲ ಕೆಲಸವನ್ನು ನಾವು ಬಿಟ್ಟಿ ಮಾಡಬಾರದು. ಅವರಿಗೆ ಕೂಲಿ ಕೊಡಬೇಕು, ನಾವು ಅವರ ಕೈಯಾಳುಗಳಾಗಿ ಜಲ್ಲಿ ಹೊರಬೇಕು, ಗುಂಡಿ ತೋಡಬೇಕು. ಬೆಂಗಳೂರಿನಲ್ಲಿ ಕೂಡಿಸಿದ ದುಡ್ಡಿನಲ್ಲಿ ದೊಡ್ಡ ಪಾಲು ಈ ಕೂಲಿಗೇ ಹೋಯಿತು. ಇದು ಸರಿಯಾದ ಖರ್ಚು ಅಂತ ಇವತ್ತಿಗೂ ನಂಬಿದ್ದೇನೆ.

ಇನ್ನು ಚಾವಣಿಯ ವಿಷಯ. ಬಿದ್ದ ಮನೆಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ ಎಷ್ಟೋ ಕಡೆ ಗೋಡೆ ನಿಂತಿತ್ತು, ಶೀಟು ಮಾತ್ರ ಇರಲಿಲ್ಲ. ನಮ್ಮ ಮೇಸ್ತ್ರಿ ಒಂದು ರೀಪರನ್ನು, ಅಂದರೆ ಶೀಟಿನ ಕೆಳಗೆ ಅಡ್ಡಕ್ಕೆ ಹಾಕುವ ಮರದ ಪಟ್ಟಿಯನ್ನು, ಎತ್ತಿ ತೋರಿಸಿದರು. ಅದರಲ್ಲಿ ಮೊಳೆ ನೆಟ್ಟಗೆ ಹಾಗೇ ಇತ್ತು. "ನೋಡಿ ಸಾರ್, ಮೊಳೆ ಮುರಿದಿಲ್ಲ, ಬಾಗಿಯೂ ಇಲ್ಲ. ಶೀಟೇ ಇದರ ತಲೆ ಮೇಲಿಂದ ಹರ್ಕೊಂಡು ಹೋಗಿದೆ. ಗಾಳಿ ಮೇಲಕ್ಕೆ ಎಳೆದಿದೆ."

ಲೆಕ್ಕವೂ ಅದನ್ನೇ ಹೇಳುತ್ತದೆ. ಗಂಟೆಗೆ 110 ಕಿ.ಮೀ. ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 55 ಕೆಜಿ ಭಾರದಷ್ಟು. ಚಾವಣಿಯ ಮೇಲೆ ಹಾಯುವಾಗ ಅದು ಎಳೆತವಾಗುತ್ತದೆ, ಅಂಚಿನಲ್ಲಿ ಮತ್ತು ಮೂಲೆಯಲ್ಲಿ ಇನ್ನೂ ಜೋರು. ಅರ್ಧ ಮಿಲಿಮೀಟರ್ ದಪ್ಪದ ತಗಡಿನ ಶೀಟು ಚದರ ಮೀಟರಿಗೆ 5 ಕೆಜಿಯಷ್ಟೂ ತೂಗುವುದಿಲ್ಲ. ನಮ್ಮಲ್ಲಿ ಶೀಟು ಮನೆಗಳ ಮೇಲೆ ಕಲ್ಲು, ಇಟ್ಟಿಗೆ ಪೇರಿಸುತ್ತಾರಲ್ಲ, ಆ ಗಾಳಿಗೆ ಅದು ಏನೇನೂ ಸಾಲದು. ಶೀಟಿನ ಜೊತೆ ಕಲ್ಲೂ ಹಾರಿ ಪಕ್ಕದವರ ಮೇಲೆ ಬೀಳುತ್ತದೆ.

ಆದ್ದರಿಂದ ಚಾವಣಿಯನ್ನು ನೆಲಕ್ಕೇ ಕಟ್ಟಬೇಕು. ಶೀಟು ರೀಪರಿಗೆ, ರೀಪರು ತೊಲೆಗೆ, ತೊಲೆ ಕಂಬಕ್ಕೆ, ಕಂಬ ಪಾಯಕ್ಕೆ. ಸರಪಳಿಯ ಹಾಗೆ, ಒಂದು ಕೊಂಡಿ ಸಡಿಲವಾದರೂ ಮಿಕ್ಕಿದ್ದೆಲ್ಲ ವ್ಯರ್ಥ. ಕಂಬದ ಬುಡವನ್ನು ಗುಂಡಿಯಲ್ಲಿಟ್ಟು ಸುತ್ತ ಕಾಂಕ್ರೀಟ್ ತುಂಬಿದೆವು. ತೊಲೆ ಮತ್ತು ಕಂಬ ಸೇರುವಲ್ಲಿ ಕಬ್ಬಿಣದ ಪಟ್ಟಿ ಹಾಕಿ ಬೋಲ್ಟು ಬಿಗಿದೆವು. ಶೀಟಿಗೆ ಮೊಳೆ ಬಿಟ್ಟು ಜೆ ಬೋಲ್ಟು ಹಾಕಿದೆವು. ತೂತನ್ನು ಶೀಟಿನ ಉಬ್ಬಿನಲ್ಲೇ ಕೊರೆಯಬೇಕು, ತಗ್ಗಿನಲ್ಲಿ ಕೊರೆದರೆ ಮಳೆನೀರು ಒಳಗೆ ಇಳಿಯುತ್ತದೆ. ಅಂಚಿನ ಸಾಲು ಮತ್ತು ಮೂಲೆಗಳಲ್ಲಿ ಬೋಲ್ಟುಗಳು ಹತ್ತಿರ ಹತ್ತಿರ ಇರಬೇಕು, ನಡುವೆ ಸ್ವಲ್ಪ ದೂರವಾದರೂ ನಡೆಯುತ್ತದೆ. ಚಾವಣಿ ತೀರಾ ಚಪ್ಪಟೆ ಬೇಡ, ಇಳಿಜಾರು ಚೆನ್ನಾಗಿರಲಿ. ಗೋಡೆಯಿಂದ ಆಚೆ ಚಾಚುವ ಸೂರು ಒಂದೂವರೆ ಅಡಿ ದಾಟದಿರಲಿ. ಜಗಲಿಗೆ ನೆರಳು ಬೇಕು ಅಂತ ಮನೆಯವರು ಕೇಳುತ್ತಿದ್ದರು, ಕೇಳುವುದು ನ್ಯಾಯವೇ, ಆ ಬಿಸಿಲಿಗೆ. ಜಗಲಿಯ ಚಾವಣಿಯನ್ನು ಬೇರೆಯಾಗಿ ಕಟ್ಟಿಕೊಟ್ಟೆವು. ಅದು ಹಾರಿಹೋದರೂ ಮನೆಯ ಚಾವಣಿ ಉಳಿಯುತ್ತದೆ.

ತೊಲೆಗೆ ಬಿದ್ದ ತೆಂಗಿನ ಮರಗಳನ್ನೇ ಬಳಸಿದೆವು. ಇದು ಊರಿನ ಬಡಗಿಯೊಬ್ಬರ ಸಲಹೆ. ವಯಸ್ಸಾದ ಮರದ ಬುಡದ ಕಡೆ, ಹೊರಗಿನ ಭಾಗ ಕಲ್ಲಿನಂತೆ ಗಟ್ಟಿ, ಒಳಗಿನ ತಿರುಳು ಮೆತ್ತಗೆ. ಹೊರಗಿನದನ್ನು ಸೀಳಿ ಬಳಸಬೇಕು. ಅದು ನೆಲಕ್ಕೆ ತಾಗಿದರೆ ಬೇಗ ಕೊಳೆಯುತ್ತದೆ, ಹಾಗಾಗಿ ಕಂಬಕ್ಕೆ ಬೇಡ ಅಂದರು.

ನೀರಿನದೇ ಒಂದು ದೊಡ್ಡ ತಲೆನೋವು. ವೇದಾರಣ್ಯಂ ಉಪ್ಪಿನ ನಾಡು. 1930ರಲ್ಲಿ ರಾಜಾಜಿಯವರು ತಿರುಚಿಯಿಂದ ನಡೆದು ಬಂದು ಉಪ್ಪಿನ ಸತ್ಯಾಗ್ರಹ ಮಾಡಿದ್ದು ಇಲ್ಲೇ. ಉಪ್ಪು ನೀರಲ್ಲಿ ಕಾಂಕ್ರೀಟ್ ಕಲಸಿದರೆ ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಕಲಸಲೂ ಕ್ಯೂರಿಂಗಿಗೂ (ಹಾಕಿದ ಕಾಂಕ್ರೀಟನ್ನು ಒದ್ದೆಯಾಗಿಡಲು) ಟ್ಯಾಂಕರಿನಲ್ಲಿ ಸಿಹಿನೀರು ತರಿಸಿದೆವು. ಕುಡಿಯುವ ನೀರಿಗೇ ಪರದಾಡುವ ಕಡೆ ಕಾಂಕ್ರೀಟಿಗೆ ಸಿಹಿನೀರು ಸುರಿಯುವುದು ಸಂಕಟದ ವಿಷಯ. ಅದಕ್ಕೇ ಟ್ಯಾಂಕರ್ ಬಂದಾಗ ಮೊದಲು ಮನೆಗಳ ಬಿಂದಿಗೆ ತುಂಬಿಸಿ, ಆಮೇಲೆ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದೆವು.

ಇಂಥ ಕೆಲಸಕ್ಕೆ ಹೋಗುವವರಿಗೆ ಒಡೆದ ಸಿಮೆಂಟ್ ಶೀಟುಗಳ ಬಗ್ಗೆ ಒಂದು ಮಾತು. ಅದರಲ್ಲಿ ಸಾಮಾನ್ಯವಾಗಿ ಆಸ್ಬೆಸ್ಟಾಸ್ ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಹಾಕಿ ನೆನೆಸಿ, ಪಿ100 ಫಿಲ್ಟರ್ ಇರುವ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಹಾಕಿಕೊಂಡು (ಎನ್95 ಇದಕ್ಕೆ ಸಾಲದು), ಆದಷ್ಟೂ ಇಡಿಯಾಗಿ ಎತ್ತಿ. ಕುಟ್ಟಿ ಪುಡಿ ಮಾಡಬೇಡಿ. ಮಕ್ಕಳನ್ನು ದೂರ ಇಡಿ.

ಮನೆ ಮುಗಿದ ಮೇಲೆ ಮನೆಯ ಹೆಂಗಸರಿಗೇ ಸ್ಪ್ಯಾನರ್ ಕೊಟ್ಟು ಬೋಲ್ಟು ಬಿಗಿಯುವುದನ್ನು ತೋರಿಸಿದೆವು. ಎಷ್ಟೋ ಮನೆಗಳ ಗಂಡಸರು ತೋಟದ ಕೆಲಸ ಹೋದ ಮೇಲೆ ಬೇರೆ ಊರಿಗೆ ದುಡಿಯಲು ಹೋಗಿದ್ದರು. ಬಿಸಿಲಿಗೆ ಹಿಗ್ಗಿ ಕುಗ್ಗಿ ಬೋಲ್ಟು ಸಡಿಲವಾಗುತ್ತದೆ, ಉಪ್ಪುಗಾಳಿಗೆ ವಾಷರು ತಿಂದುಹೋಗುತ್ತದೆ. ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ, ಹಿಂಗಾರಿಗೆ ಮೊದಲು, ಎಲ್ಲವನ್ನೂ ಒಮ್ಮೆ ಬಿಗಿಯಬೇಕು. 2020ರ ನವೆಂಬರಿನಲ್ಲಿ ನಿವಾರ್ ಚಂಡಮಾರುತ ಪುದುಚೇರಿ ಹತ್ತಿರ ದಡ ದಾಟುವ ಮೊದಲು ಫೋನ್ ಮಾಡಿದೆ. ಒಬ್ಬ ಅಜ್ಜಿ, "ನಾವು ಆಗಲೇ ಬಿಗಿದಾಯ್ತು ತಂಬಿ, ವಾಷರ್ ಮಾತ್ರ ಖಾಲಿ" ಅಂದರು. ಅಂದಿನಿಂದ ನಮ್ಮ ಪಟ್ಟಿಯಲ್ಲಿ ಪ್ರತಿ ಮನೆಗೆ ಒಂದು ಸ್ಪ್ಯಾನರ್ ಜೊತೆ ಒಂದು ಚೀಲ ಹೆಚ್ಚುವರಿ ವಾಷರ್ ಕೂಡ ಸೇರಿದೆ.