ಕ್ರ್ಕಾ ನೋಡುವುದಾದರೆ ಗಿರಣಿಯೊಳಗೆ ಕಾಲಿಡಿ

ಕ್ರೊಯೇಷಿಯಾಕ್ಕೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಕ್ರ್ಕಾ ರಾಷ್ಟ್ರೀಯ ಉದ್ಯಾನದಲ್ಲಿ ಸೇತುವೆ ಮೇಲೆ ನಿಂತು ಫೋಟೊ ಹೊಡೆಸಿಕೊಂಡು, ಅಲ್ಲಿನ ಹಳೇ ನೀರಿನ ಗಿರಣಿಗಳತ್ತ ಕಣ್ಣೂ ಹಾಯಿಸದೆ ಬಸ್ಸು ಹತ್ತಿಬಿಡುತ್ತಾರೆ. ಹಿಟ್ಟಿನ ಗಿರಣಿ ನಡೆಸುತ್ತಿದ್ದ ಮನೆಯ ಮಗಳಾದ ನನಗೆ ಇದು ಹೊಟ್ಟೆ ಉರಿಸುವ ವಿಷಯ. ಒಂದು ಇಡೀ ದಿನ ತೆಗೆದಿಡಿ.

2023ರಿಂದ ಅಲ್ಲಿಗೂ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ನಡೆಯುತ್ತದೆ, ದುಡ್ಡು ಯೂರೊ. ಶಿಬೆನಿಕ್ ಊರಲ್ಲಿ ಉಳಿದುಕೊಂಡರೆ ಅನುಕೂಲ. ಟಿಕೆಟ್ ಆನ್‌ಲೈನ್‌ನಲ್ಲೇ ತೆಗೆಯಿರಿ. ಅಲ್ಲಿನ ಬೇಸಿಗೆಯಲ್ಲಿ, ಅಂದರೆ ಜೂನ್ ಬಂತೆಂದರೆ, ದರ ಬಹಳ ಏರುತ್ತದೆ. ಜುಲೈ–ಆಗಸ್ಟ್ ಜಾತ್ರೆ ಬೇಡ, ಮೇ ತಿಂಗಳು ಚೆಂದ, ನೀರೂ ತುಂಬಿರುತ್ತದೆ. ಉದ್ಯಾನದ ಲೊಜೊವಾಟ್ಸ್ ಬಾಗಿಲಿನಿಂದ ಜಲಪಾತಕ್ಕೆ ಬಸ್ಸಿನಲ್ಲಿ ಇಳಿಯಬಹುದು. ಆದರೆ ದೋಣಿ ಓಡುವ ಸೀಸನ್‌ನಲ್ಲಿ ಹೋದರೆ ಸ್ಕ್ರಾಡಿನ್ ಊರಿನಿಂದ ದೋಣಿಯಲ್ಲೇ ಹೋಗಿ. ಬೆಳಗಿನ ಮೊದಲ ದೋಣಿಯಾದರೆ ಇನ್ನೂ ಒಳ್ಳೆಯದು.

ಸ್ಕ್ರಾಡಿನ್‌ಸ್ಕಿ ಬುಕ್ ಎಂಬುದು 17 ಮೆಟ್ಟಿಲುಗಳ ಜಲಪಾತ; ಬಸ್ಸು, ದೋಣಿ ಎರಡೂ ತಲುಪಿಸುವುದು ಇಲ್ಲಿಗೇ. ಎಲ್ಲ ಸೇರಿದರೂ ಎತ್ತರ 46 ಮೀಟರ್ ದಾಟದು. 253 ಮೀಟರ್‌ನ ಜೋಗ ಕಂಡವರಿಗೆ ಮೊದಲ ನೋಟಕ್ಕೆ ‘ಇಷ್ಟೇನಾ’ ಅನಿಸೀತು. ಆದರೆ ಈ ಬಂಡೆ ಬೆಳೆಯುತ್ತದೆ! ನೀರಲ್ಲಿ ಕರಗಿದ ಸುಣ್ಣ ಪಾಚಿಯ ಮೇಲೆ ಕೂತು ಕೂತು ಕಲ್ಲಾಗುತ್ತದೆ. ಅದನ್ನು ಉಳಿಸಲೆಂದೇ 2021ರಿಂದ ಇಲ್ಲಿ ಈಜುವುದಕ್ಕೆ ನಿಷೇಧ. ಹಳೇ ಫೋಟೊ ನಂಬಿ ಟವೆಲ್ ಹೊತ್ತುಕೊಂಡು ಹೋಗಬೇಡಿ.

ಮರದ ಹಲಗೆಯ ದಾರಿ ಸುತ್ತಿಕೊಂಡು ಕಲ್ಲಿನ ಮನೆಗಳ ಹತ್ತಿರ ಬನ್ನಿ. ಅವೇ ಗಿರಣಿಗಳು. ಒಳಗೆ ಹೋಗುವ ಮೊದಲು ಬಗ್ಗಿ ನೆಲದಡಿಯ ಚಕ್ರ ನೋಡಿ. ಅದು ಎತ್ತಿನ ಗಾಡಿಯ ಚಕ್ರದಂತೆ ನಿಂತಿಲ್ಲ, ಮಲಗಿದೆ. ಅಂಚಿಗೆ ಸೌಟಿನಾಕಾರದ ಹಲಗೆಗಳು. ಅವಕ್ಕೆ ನೀರು ಬಡಿದರೆ ಚಕ್ರ ತಿರುಗುತ್ತದೆ, ಅದರ ಕಂಬವೇ ಮೇಲಿನ ಬೀಸುಕಲ್ಲನ್ನು ತಿರುಗಿಸುತ್ತದೆ. ಬೆಲ್ಟಿಲ್ಲ, ಹಲ್ಲುಚಕ್ರವಿಲ್ಲ. ಬೀಸುವುದನ್ನು ತೋರಿಸುತ್ತಿದ್ದರೆ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ: ಬಿಸಿಯಾಗಿದ್ದರೆ ಕಲ್ಲು ಜೋರಾಗಿ ಓಡುತ್ತಿದೆ ಎಂದರ್ಥ. ಪಕ್ಕದಲ್ಲೇ ಮರದ ದೊಡ್ಡ ತೊಟ್ಟಿಯೊಂದರಲ್ಲಿ ನೀರು ಸುಳಿ ಸುತ್ತುತ್ತಿರುತ್ತದೆ. ಉಣ್ಣೆ ಬಟ್ಟೆ, ಕಂಬಳಿ ಒಗೆಯುತ್ತಿದ್ದದ್ದು ಅದರಲ್ಲೇ. ವಾಷಿಂಗ್ ಮಷೀನು, ಕರೆಂಟ್ ಬಿಲ್ಲಿಲ್ಲದ್ದು.

ಕರೆಂಟ್ ಅಂದೆನಲ್ಲ, ಜಲಪಾತದ ಬುಡದಲ್ಲಿ ಯಾರುಗಾ ವಿದ್ಯುತ್ ಸ್ಥಾವರದ ಹಳೇ ಅವಶೇಷವಿದೆ, ಬಿಡಬೇಡಿ. 1895ರ ಆಗಸ್ಟ್ 28ಕ್ಕೆ ಇಲ್ಲಿಂದ ಶಿಬೆನಿಕ್ ಬೀದಿಗೆ ದೀಪ ಬಂತು. ನಮ್ಮ ಶಿವನಸಮುದ್ರದಲ್ಲಿ ವಿದ್ಯುತ್ ತೆಗೆದದ್ದು 1902ರಲ್ಲಿ.

ಕಾಲಲ್ಲಿ ಶಕ್ತಿಯಿದ್ದರೆ ರೋಶ್ಕಿ ಸ್ಲಾಪ್ ಎಂಬ ಇನ್ನೊಂದು ಜಲಪಾತಕ್ಕೂ ಹೋಗಿ, ಅಲ್ಲೂ ಗಿರಣಿಗಳಿವೆ, ಜನ ಕಡಿಮೆ. ನಡುವೆ ವಿಸೊವಾಟ್ಸ್ ದ್ವೀಪದ ಮಠ ಸಿಗುತ್ತದೆ. ಅತ್ತ ಹೋಗುವ ದೋಣಿಗೆ ಬೇರೆ ಟಿಕೆಟ್, ಹೋಗಿಬರಲು ಅರ್ಧ ದಿನ ಬೇಕು. ಸಸ್ಯಾಹಾರಿಗಳು ಚಪಾತಿ, ಚಟ್ನಿಪುಡಿ ಕಟ್ಟಿಕೊಳ್ಳಿ. ಅಲ್ಲಿ ಹೆಚ್ಚಾಗಿ ಸಿಗುವುದು ಬ್ರೆಡ್, ಚೀಸ್, ಒಣಗಿಸಿದ ಹಂದಿಮಾಂಸ. ಸ್ಕ್ರಾಡಿನ್‌ಗೆ ಮರಳುವ ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಇಳಿಯುವಾಗಲೇ ಕೇಳಿಟ್ಟುಕೊಳ್ಳಿ.