ಪಿಡಿಎಚ್‌ಎ1 ಜೀನ್‌ನ ಎಕ್ಸಾನ್ ಗಡಿ ಹಿಡಿಯುವುದು: ನನ್ನ ಅನುಭವ

ಪೈರುವೇಟ್ ಡಿಹೈಡ್ರೋಜಿನೇಸ್ ಕಿಣ್ವದ ಇ1 ಆಲ್ಫಾ ಉಪಘಟಕದ ಜೀನ್ ಪಿಡಿಎಚ್‌ಎ1. ಎಕ್ಸ್ ವರ್ಣತಂತುವಿನ ಗಿಡ್ಡ ತೋಳಿನಲ್ಲಿ, ಸುಮಾರು 17,000 ಬೇಸ್ ಉದ್ದ, 11 ಎಕ್ಸಾನ್ (ಎಂಆರ್‌ಎನ್‌ಎಯಲ್ಲಿ ಉಳಿಯುವ ತುಂಡು; ನಡುವೆ ಕತ್ತರಿಸಿ ಹೋಗುವುದು ಇಂಟ್ರಾನ್). ಇದರಲ್ಲಿ ನಿಜಕ್ಕೂ ಕಾಟ ಕೊಡುವುದು 4ನೇ ವರ್ಣತಂತುವಿನಲ್ಲಿ ಕೂತಿರುವ ಇದರ ನಕಲು ಪಿಡಿಎಚ್‌ಎ2.

ನಾನು ಎನ್‌ಎಂ_000284 ಎಂಬ ಮಾನಕ ಎಂಆರ್‌ಎನ್‌ಎ ಸರಣಿಯನ್ನು ಜೀನೋಮ್‌ಗೆ ಹೊಂದಿಸುವ ಬ್ಲಾಟ್ (BLAT) ತಂತ್ರಾಂಶಕ್ಕೆ ಕೊಟ್ಟು ಶುರುಮಾಡುತ್ತೇನೆ. ಎಕ್ಸ್ ಮೇಲೆ 11 ತುಂಡು ಬರುತ್ತವೆ. 4ನೆಯದರ ಮೇಲೆ ಒಂದೇ ಅಖಂಡ ತುಂಡು. ಪಿಡಿಎಚ್‌ಎ2ರಲ್ಲಿ ಇಂಟ್ರಾನ್ ಇಲ್ಲ, ಅದು ಎಂಆರ್‌ಎನ್‌ಎಯಿಂದ ಮರಳಿ ನಕಲಾಗಿ ಸೇರಿಕೊಂಡದ್ದು; ಕೆಲಸ ಮಾಡುವುದು ವೃಷಣದಲ್ಲಿ.

ತಂತ್ರಾಂಶ ತೋರಿಸಿದ ಗಡಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಎಂಆರ್‌ಎನ್‌ಎಯಲ್ಲಿ ಸಿಎಜಿಜಿಎಟಿ ಇದೆ ಅನ್ನಿ. ಜೀನೋಮ್‌ನಲ್ಲಿ ಎಡಕ್ಕೆ ಸಿಎಜಿಜಿಟಿಎಎಜಿ, ಬಲಕ್ಕೆ ಟಿಟಿಸಿಎಜಿಜಿಎಟಿ. ಎರಡನೇ ಜಿ ಯಾವ ಎಕ್ಸಾನಿಗೆ? ಎರಡೂ ಕಡೆ ಹೊಂದುತ್ತದೆ. ಇಂಟ್ರಾನ್ ಜಿಟಿಯಿಂದ ಶುರುವಾಗಿ ಎಜಿಯಲ್ಲಿ ಮುಗಿಯಬೇಕು ಎಂದು ಪಟ್ಟು ಹಿಡಿದರೆ ಎಡದ ಎಕ್ಸಾನ್ ಸಿಎಜಿಗೆ ನಿಲ್ಲುತ್ತದೆ, ಜಿ ಬಲಕ್ಕೆ ಹೋಗುತ್ತದೆ. ಕೊನೆಗೆ ಸಂಕೇತ ಭಾಗಗಳನ್ನು ಕೂಡಿಸಿ: 390 ಅಮೈನೋ ಆಮ್ಲ ಮತ್ತು ಸ್ಟಾಪ್ ಸಂಕೇತ ಸೇರಿ, ತಲಾ 3ರಂತೆ, 1173 ಬೇಸ್ ಬರಲೇಬೇಕು. ಒಂದು ಹೆಚ್ಚುಕಡಿಮೆಯಾದರೂ ಎಲ್ಲೋ ಗಡಿ ಜಾರಿದೆ.

ಹಳೆಯ ಲೇಖನ ಓದುವಾಗ 29 ಕೂಡಿಸಿಕೊಳ್ಳಿ. ಮೈಟೊಕಾಂಡ್ರಿಯಕ್ಕೆ ಒಯ್ಯುವ 29 ಅಮೈನೋ ಆಮ್ಲದ ಮುಂತುದಿಯನ್ನು ಬಿಟ್ಟು ಎಣಿಸಿದವರಿಗೆ ಸೆರೀನ್ 264 ಆಗಿದ್ದುದೇ ಈಗಿನ ಸೆರೀನ್ 293.

ಪಿಸಿಆರ್‌ನಲ್ಲಿ ನಕಲು ಶುರುಮಾಡುವ ಚಿಕ್ಕ ಡಿಎನ್‌ಎ ತುಂಡುಗಳಾದ ಪ್ರೈಮರ್‌ಗಳನ್ನು ಇಂಟ್ರಾನ್‌ನಲ್ಲೇ, ಎಕ್ಸಾನ್ ಅಂಚಿನಿಂದ 60–80 ಬೇಸ್ ದೂರ ಇಡುತ್ತೇನೆ. ಸ್ಯಾಂಗರ್ ವಿಧಾನದಲ್ಲಿ ಸರಣಿ ಓದುವಾಗ ಮೊದಲ 30–50 ಬೇಸ್ ಹೇಗೂ ಕಲಸಿರುತ್ತವೆ, ಜೊತೆಗೆ ಪಿಡಿಎಚ್‌ಎ2 ಹೊರಗುಳಿಯುತ್ತದೆ. 25 ಮೈಕ್ರೊಲೀಟರ್ ಪಿಸಿಆರ್‌ಗೆ 50 ನ್ಯಾನೊಗ್ರಾಂ ಡಿಎನ್‌ಎ, ತಲಾ 10 ಪಿಕೊಮೋಲ್ ಪ್ರೈಮರ್, 35 ಸುತ್ತು. ಮೊದಲ ಎಕ್ಸಾನ್ ಸುತ್ತ ಜಿ-ಸಿ ಜಾಸ್ತಿ, ಅಲ್ಲಿ ಶೇ. 5 ಡಿಎಂಎಸ್‌ಒ ಹಾಕದಿದ್ದರೆ ಜೆಲ್‌ನಲ್ಲಿ ಪಟ್ಟಿ ಮಸುಕು.

ಸಿಡಿಎನ್‌ಎ (ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವದಿಂದ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ನಕಲಿಸಿದ್ದು) ಮಾಡುವವರಿಗೆ ಒಂದು ಮಾತು. ಆರ್‌ಎನ್‌ಎಯಲ್ಲಿ ಚೂರು ಡಿಎನ್‌ಎ ಉಳಿದರೂ ಪಿಡಿಎಚ್‌ಎ2 ಅದೇ ಅಳತೆಯ ಪಟ್ಟಿ ಕೊಡುತ್ತದೆ. ಇಂಟ್ರಾನ್ ದಾಟುವ ಪ್ರೈಮರ್ ಇಟ್ಟೆ ಎಂಬ ಧೈರ್ಯ ಇಲ್ಲಿ ಸಾಲದು. ಡಿಎನ್‌ಎ ಕತ್ತರಿಸುವ ಡಿಎನ್‌ಏಸ್ ಕಿಣ್ವ ಕೊಡಿ, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಇಲ್ಲದ ಟ್ಯೂಬ್ ಪಕ್ಕದಲ್ಲೇ ಓಡಿಸಿ. ಹೆಣ್ಣುಮಕ್ಕಳ ಮಾದರಿಯಲ್ಲಿ ಎಕ್ಸ್ ನಿಷ್ಕ್ರಿಯತೆಯಿಂದ (ಎರಡು ಎಕ್ಸ್‌ಗಳಲ್ಲಿ ಒಂದು ಪ್ರತಿ ಕೋಶದಲ್ಲೂ ಸುಮ್ಮನಾಗುವುದರಿಂದ) ಕೆಟ್ಟ ಪ್ರತಿ ಸಿಡಿಎನ್‌ಎಯಲ್ಲಿ ಕಾಣದೇ ಹೋಗಬಹುದು, ಹಾಗಾಗಿ ಜೀನೋಮಿಕ್ ಡಿಎನ್‌ಎ ಬಿಡಬೇಡಿ. 10 ಮತ್ತು 11ನೇ ಎಕ್ಸಾನ್‌ಗಳಲ್ಲಿ ಸಣ್ಣ ದ್ವಿಗುಣಗಳು (ಕೆಲವು ಬೇಸ್ ಎರಡು ಸಲ ಬರುವ ದೋಷ) ಹೆಚ್ಚು. ಒಂದೇ ಜಾಗದಿಂದ ಮುಂದಕ್ಕೆ ಸ್ಯಾಂಗರ್ ಚಿತ್ರದ ಶಿಖರಗಳು ಒಂದರ ಮೇಲೊಂದು ಬಿದ್ದರೆ ರಿಯಾಕ್ಷನ್ ಕೆಟ್ಟಿತೆಂದು ಎಸೆಯುವ ಮೊದಲು ರಿವರ್ಸ್ ಪ್ರೈಮರ್‌ನಿಂದಲೂ ಓದಿ ನೋಡಿ.